ಪಕ್ಕದ ಮೇಜಿನವರು ಎಲ್ಲಿ?

"ಯಾವನೋ ಒಬ್ಬ ನನ್ನ ಬರಹಕ್ಕೆ ಕತ್ತರಿ ಹಾಕಿದ್ದಾನೆ ಮಾರಾಯ. ನಿನಗೆ ಈ ಇಂಟರ್ನೆಟ್ಟಿಂದೆಲ್ಲ ಗೊತ್ತುಂಟಲ್ಲ, ಅವನು ಯಾರೂಂತ ನೋಡಿ ಹೇಳು."

ತಿರುವನಂತಪುರದಿಂದ ಪ್ರೊಫೆಸರ್ ಸಾಲ್ಯಾನ್ ಫೋನ್ ಮಾಡಿದಾಗ ನಾನು ಕೊಚ್ಚಿಯ ತ್ರಿಪ್ಪುಣಿತ್ತುರದಲ್ಲಿ ಮೆಟ್ರೋ ಹತ್ತುತ್ತಿದ್ದೆ. ನೋಡುವುದೇನು ಬಂತು? ಆ ಯಾವನೋ ಒಬ್ಬ ನಾನೇ.

ಹೇಳಿಯೂ ಬಿಟ್ಟೆ.

"ನಿನ್ನದು ಬ್ಯಾಂಕ್ ಕೆಲಸ ಅಲ್ಲವಾ? ಮರುವಾಯಿ ಬಗ್ಗೆ ನಿನಗೆಂತ ಗೊತ್ತು?"

"ತಿನ್ನೋದು ಗೊತ್ತು ಸರ್."

ಅವರು ನಗಲಿಲ್ಲ.

ವಿಷಯ ಇಷ್ಟು. ಹಗಲು ಕಲೂರಿನ ಶಾಖೆಯಲ್ಲಿ ದುಡಿಯುವ ನಾನು, ಬಿಡುವಾದಾಗ ಎಲ್ಲರೂ ಸೇರಿ ಬರೆಯುವ ಆನ್‌ಲೈನ್ ವಿಶ್ವಕೋಶದ ಕನ್ನಡ ಪುಟಗಳನ್ನು ತಿದ್ದುತ್ತೇನೆ. (ಸಂಬಳವಿಲ್ಲ, ಬೈಗುಳ ಉಂಟು.) ಸಾಲ್ಯಾನರು ಜೀವಮಾನವಿಡೀ ಹಿನ್ನೀರಿನ ಮರುವಾಯಿಯನ್ನು, ಅಂದರೆ ಇಲ್ಲಿಯವರು ಕಕ್ಕ ಎನ್ನುವ ಚಿಪ್ಪುಜೀವಿಯನ್ನು, ಅಧ್ಯಯನ ಮಾಡಿದವರು. ಅದರ ಬಗ್ಗೆ ಕನ್ನಡದಲ್ಲಿ ಚೆಂದದ ಲೇಖನ ಸೇರಿಸಿದ್ದರು. ಕೆಳಗಿನ ಅಡಿಟಿಪ್ಪಣಿಗಳಲ್ಲಿ ಮಾತ್ರ ಆರಂಭದಿಂದ ಕೊನೆಯವರೆಗೂ ಒಂದೇ ಹೆಸರು. ಸಾಲ್ಯಾನ್, ಸಾಲ್ಯಾನ್, ಸಾಲ್ಯಾನ್ ಮತ್ತು ಇತರರು.

ತನ್ನ ಸಂಶೋಧನೆಯನ್ನು ತಾನೇ ತಂದು ತುಂಬಿಸಬಾರದು ಎನ್ನುವುದು ಅಲ್ಲಿಯ ರೂಢಿ. ಅದಕ್ಕೇ ಆ ಟಿಪ್ಪಣಿಗಳನ್ನು ಅಳಿಸಿದ್ದೆ. ನಮ್ಮ ಬ್ಯಾಂಕಿನಲ್ಲೂ ಹಾಗೇ ಅಲ್ಲವೇ? ನಾನು ಬರೆದ ವೋಚರನ್ನು ನಾನೇ ಪಾಸ್ ಮಾಡುವ ಹಾಗಿಲ್ಲ. ನಾನೆಷ್ಟೇ ಪ್ರಾಮಾಣಿಕನಾಗಿದ್ದರೂ ಪಕ್ಕದ ಮೇಜಿನವರು ನೋಡಲೇಬೇಕು.

"ಬೇರೆಯವರದ್ದು ಹಾಕುವಾ ಅಂದರೆ ಬೇರೆ ಯಾರು ಬರೆದಿದ್ದಾರೆ, ಹೇಳು?" ಎಂದರು.

ಬರೆದಿದ್ದಾರೆ. ಹುಡುಕಿದಾಗ ಕೊಚ್ಚಿಯ ಸಂಶೋಧಕರೇ ಒಬ್ಬರು ಸಿಕ್ಕಿದ್ದರು. ಸಾಲ್ಯಾನರ ತೀರ್ಮಾನವನ್ನು ಒಪ್ಪದವರು. ಅವರ ಹೆಸರು ಹೇಳಿದೆ.

"ಅದು ಸಂಶೋಧನೆಯೇ ಅಲ್ಲ ಬಿಡು."

"ಅದನ್ನು ನೀವೇ ಹೇಳಿದರೆ ಹೇಗೆ ಸರ್?"

ಫೋನ್ ಕಟ್ಟಾಯಿತು.

ಮುಂದಿನ ವಾರ ಹೊಸ ಸದಸ್ಯರೊಬ್ಬರು ಬಂದು ಅವೇ ಟಿಪ್ಪಣಿಗಳನ್ನು, ಅದೇ ಕ್ರಮದಲ್ಲಿ ಮತ್ತೆ ಸೇರಿಸಿದರು. ಸದಸ್ಯರ ಹೆಸರು ಸುಮತಿ. ಆ ಸುಮತಿ ಅಕ್ಕನ ಕೈಯ ನೀರುದೋಸೆಯನ್ನು, ತಿರುವನಂತಪುರದಲ್ಲಿ ಪೋಸ್ಟಿಂಗ್ ಇದ್ದಾಗ, ಅದೆಷ್ಟು ಭಾನುವಾರ ತಿಂದಿದ್ದೇನೆ! ಈ ದೇಶದ ಪ್ರೊಫೆಸರುಗಳಿಗೆ 'ಬೇರೆ ಯಾರಾದರೂ' ಅಂದರೆ ಹೆಂಡತಿ ಎಂದೇ ಅರ್ಥವೇ?

ಅದನ್ನೂ ಅಳಿಸಿದೆ. ಈ ಸಲ ಫೋನ್ ಮಾಡಿದ್ದು ಅಕ್ಕ.

"ನಿಮ್ಮ ಮೇಲೆ ಕೋಪ ಎಂತದೂ ಇಲ್ಲ. ಆದರೆ ಇವರಿಗೆ ಊಟವೇ ಸೇರುವುದಿಲ್ಲ. ಬರುವ ವರ್ಷ ರಿಟೈರ್. ಇಂಗ್ಲಿಷಿನಲ್ಲಿ ಬರೆದದ್ದನ್ನು ನಮ್ಮ ಊರಿನವರು ಒಬ್ಬರಾದರೂ ಓದಿದ್ದಾರಾ? ಮರುವಾಯಿ ಹೆಕ್ಕುವವರ ಮನೆಯಲ್ಲೇ ಹುಟ್ಟಿದವರು ಇವರು. ನಮ್ಮ ಮಗಳೇ ಮಲಯಾಳದಲ್ಲಿ ಕೇಳ್ತಾಳೆ, ಅಪ್ಪ ಇಷ್ಟು ವರ್ಷ ಎಂತ ಮಾಡಿದ್ದು ಅಂತ. ಕನ್ನಡದಲ್ಲಾದರೂ ಒಂದು ಕಡೆ ಇರಲಿ ಅಂತ ಆಸೆ, ಅಷ್ಟೇ."

ನನಗೆ ಸಂಕಟವಾಯಿತು. ನಿಯಮ ಪಾಲಿಸಿದವನಿಗೂ ಕೆಲವೊಮ್ಮೆ ನಿದ್ದೆ ಬರುವುದಿಲ್ಲ. ಸರಿಯಾದ ದಾರಿಯೊಂದಿದೆ ಎಂದು ಅಕ್ಕನಿಗೆ ವಿವರಿಸಿದೆ. ಲೇಖನದ ಚರ್ಚೆಪುಟದಲ್ಲಿ ವಿನಂತಿ ಇಟ್ಟರೆ, ಸಂಬಂಧವಿಲ್ಲದ ಯಾರಾದರೂ ಓದಿ, ಸರಿ ಕಂಡರೆ ಸೇರಿಸುತ್ತಾರೆ.

ಸಾಲ್ಯಾನರು ಹಟ ಬಿಟ್ಟರು. ವಿನಂತಿ ಬರೆದರು. ಅದರಲ್ಲಿ ಆ ಕೊಚ್ಚಿಯವರ ಸಂಶೋಧನೆಯನ್ನೂ ಸೇರಿಸಿದ್ದರು. 'ಇವರು ನನ್ನನ್ನು ಒಪ್ಪುವುದಿಲ್ಲ, ಆದರೂ ಓದುಗರು ನೋಡಬೇಕು' ಎಂಬ ಸಾಲು ಓದಿ ನನ್ನ ಕಣ್ಣು ಒದ್ದೆಯಾಯಿತು. ಅಷ್ಟು ದೊಡ್ಡ ಮನುಷ್ಯರು ನಮ್ಮಲ್ಲಿ ಎಷ್ಟು ಮಂದಿ?

ಆಮೇಲೆ?

ಆಮೇಲೆ ಏನೂ ಇಲ್ಲ. ಮಳೆಗಾಲ ಹೋಗಿ ಓಣಂ ಕಳೆಯಿತು. ದಿನಾ ಮೆಟ್ರೋದಲ್ಲಿ ಕೂತು ಆ ಪುಟ ತೆರೆಯುತ್ತೇನೆ. ಅವರ ವಿನಂತಿಯ ಕೆಳಗೆ ಒಂದೇ ಉತ್ತರವಿದೆ, ಅದೂ ನನ್ನದು: 'ನಾನು ಇವರ ಸ್ನೇಹಿತ. ದಯವಿಟ್ಟು ಬೇರೆಯವರು ನೋಡಿ.' ಇಂಗ್ಲಿಷಿನಲ್ಲಾಗಿದ್ದರೆ ಇಷ್ಟರಲ್ಲಿ ಹತ್ತು ಜನ ಜಗಳವಾಡಿ ಮುಗಿಸುತ್ತಿದ್ದರು. ನಮ್ಮಲ್ಲಿ ಜಗಳಕ್ಕೂ ಜನವಿಲ್ಲ.

ಮೊನ್ನೆ ಸಾಲ್ಯಾನರು ಫೋನಿನಲ್ಲಿ ಮೆಲ್ಲಗೆ ಕೇಳಿದರು: "ಯಾರಾದರೂ ಬಂದರಾ ಮಾರಾಯ?"

ಕೋಟಿಗಟ್ಟಲೆ ಕನ್ನಡಿಗರೇ, ಪಕ್ಕದ ಮೇಜಿನಲ್ಲಿ ಯಾರಾದರೂ ಇದ್ದೀರಾ?