ಪರದೆಯ ಮೇಲಿನ ಕೆಂಪು ಮನುಷ್ಯ

ಚನ್ನರಾಯಪಟ್ಟಣದಿಂದ ಹೊರಡುವಾಗಲೇ ಎಡವಟ್ಟಾಯಿತು. ನಮ್ಮ ಹೊಸ ಎಲೆಕ್ಟ್ರಿಕ್ ಕಾರು ನಿಧಾನಕ್ಕೆ ಹೋಗುವಾಗ, ರಸ್ತೆಯಲ್ಲಿ ನಡೆಯುವವರಿಗೆ ಗೊತ್ತಾಗಲೆಂದು ‘ಊಂ...’ ಎಂದು ಸಣ್ಣಗೆ ಸದ್ದು ಮಾಡುತ್ತದೆ. ಚಕ್ರಕ್ಕೆ ನಿಂಬೆಹಣ್ಣಿಟ್ಟು ನಮ್ಮನ್ನು ಕಳಿಸಲು ಬಂದ ಯಜಮಾನರ ಅಕ್ಕ ಅದನ್ನು ಕೇಳಿ ಎದೆ ಹಿಡಿದುಕೊಂಡರು.

“ಒಸ ಗಾಡಿ ಸಾಯೋರಂಗೆ ನರಳ್ತದಲ್ಲಾ! ಅಪಶಕುನ ಕಣ್ಲಾ. ನಿಲ್ಸು ಅದ್ನ.”

ಅಕ್ಕ ಹೇಳಿದ ಮೇಲೆ ಮುಗಿಯಿತು. ಯಜಮಾನರು ಗುಂಡಿ ಒತ್ತಿ ಸದ್ದು ನಿಲ್ಲಿಸಿಯೇಬಿಟ್ಟರು. “ಅದು ಇರೋದೇ ಜನರಿಗೋಸ್ಕರ ಕಣ್ರೀ” ಎಂದೆ. ನನ್ನ ಮಾತು ಯಾರು ಕೇಳಬೇಕು?

ಅರಕಲಗೂಡಿನ ಮೇಲೆ ಸುತ್ತಿ ಹಾಸನದ ಮನೆಗೆ ಮರಳುವುದೆಂದು ಮಾತಾಗಿತ್ತು. ಹೊಳೆನರಸೀಪುರದಲ್ಲಿ ಬಿಸಿ ಇಡ್ಲಿ ತಿಂದು ಮುಂದೆ ಹೊರಟಾಗಲೂ ಡಿಸೆಂಬರಿನ ಮಂಜು ಕದಲಿರಲಿಲ್ಲ. ಕಾರು ಎತ್ತಿನಗಾಡಿಯ ಹಾಗೆ ತೆವಳುತ್ತಿತ್ತು. ಒಳಗೆ ನಮ್ಮ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಎದುರಾದವರು ಯಾರೂ ನಮ್ಮತ್ತ ತಲೆ ಎತ್ತಲಿಲ್ಲ. ನಾವು ಬದುಕಿದ್ದೇವೋ ಇಲ್ಲವೋ ಅನ್ನಿಸಿ ಮೈ ಜುಮ್ಮೆಂದಿತು.

ಒಂದು ಹಳ್ಳಿ ದಾಟುತ್ತಲೇ ಸ್ಟಿಯರಿಂಗ್ ಪಕ್ಕದ ಪರದೆಯ ಮೇಲೆ ಕೆಂಪು ಮನುಷ್ಯನ ಆಕೃತಿ ಮೂಡಿತು. ಕಾರು ತಾನಾಗಿಯೇ ಗಕ್ಕನೆ ನಿಂತಿತು. ಮುಂದೆ ಒಬ್ಬ ಮುದುಕಿ ನಮಗೆ ಬೆನ್ನಾಗಿ, ಬಗ್ಗಿಕೊಂಡು ರಸ್ತೆಗೆ ಹುರುಳಿ ಗಿಡ ಹರಡುತ್ತಿದ್ದಳು. ಈ ಕಡೆಯವರಿಗೆ ಟಾರು ರಸ್ತೆಯೇ ಕಣ. ಬಸ್ಸು ಲಾರಿ ಹತ್ತಿ ಹೋದರೆ ಕಾಳು ಬಿಡುತ್ತದೆ. ಗಾಡಿಯ ಸದ್ದು ಕೇಳಿದರೆ ಮಾತ್ರ ಅವರು ಸರಿಯುವುದು. ಇವಳು ಹರಡುತ್ತ ಹರಡುತ್ತ ಹಿಂದಕ್ಕೇ ಬಂದಳು. ಹಾರನ್ ಒತ್ತಿದರೆ ಬೆಚ್ಚಿ ಬಿದ್ದಾಳೆಂದು ಉಸಿರು ಬಿಗಿಹಿಡಿದು ಕೂತೆವು. ಅವಳ ಬೆನ್ನು ಬಾನೆಟ್ಟಿಗೆ ತಾಗಿತು.

“ಸರಿಯೇ ಗೌರಿ” ಎಂದು ಹಸುವಿಗೆ ಹೇಳುವಂತೆ ಹೇಳಿ, ಕೈ ಹಿಂದಕ್ಕೆ ಚಾಚಿ ಬಾನೆಟ್ ಸವರಿದಳು. ಆಮೇಲೆ ತಿರುಗಿದಳು.

“ಅಯ್ಯೋ ನಮ್ಮಪ್ಪಾ! ಯಾವಾಗ ಬಂದ್ರಿ ಸಾ? ಒಂದು ಸದ್ದಾದ್ರೂ ಬ್ಯಾಡ್ವಾ?”

ಯಜಮಾನರು ಕೈಮುಗಿದು, ಸದ್ದಿನ ಗುಂಡಿಯನ್ನು ಮತ್ತೆ ಒತ್ತಿದರು. ಮುದುಕಿ ಸುಧಾರಿಸಿಕೊಂಡು ಮುಂದಿನ ರಾಶಿ ತೋರಿಸಿದಳು. “ಓಗಿ, ಅದ್ರ ಮ್ಯಾಲೇ ಅತ್ಸ್ಕಂಡ್ ಓಗಿ. ವಸಿ ಕಾಳು ಬಿಡ್ಲಿ.”

ಅವಳು ಪಕ್ಕಕ್ಕೆ ಸರಿದಳು. ಆದರೂ ಪರದೆಯ ಮೇಲೆ ಕೆಂಪು ಮನುಷ್ಯ ಮತ್ತೆ ಮೂಡಿದ. ಮಾಯವಾದ. ಪುನಃ ಬಂದ. ಎದುರಿಗೆ ರಾಶಿ ಬಿಟ್ಟರೆ ಬರೀ ಮಂಜು.

“ಇದಕ್ಕೆ ಹುರುಳಿ ಗಿಡವೂ ಮನುಷ್ಯನೇ” ಎಂದು ಗೊಣಗಿ, ಯಜಮಾನರು ಆ ಎಚ್ಚರಿಕೆಯನ್ನೂ ನಿಲ್ಲಿಸಲು ಬೆರಳು ಚಾಚಿದರು.

“ರೀ, ಮುಟ್ಟಿದ್ರೆ ನೋಡಿ ಮತ್ತೆ!” ಎಂದು ಗದರಿ ನಾನು ಕೆಳಗಿಳಿದೆ. “ಅಜ್ಜಿ, ಅಲ್ಲಿ ಯಾರಾದ್ರೂ ಇದ್ದಾರಾ?”

“ಯಾರೂ ಇಲ್ಲ ಕಣವ್ವಾ. ನಮ್ಮೆಜಮಾನ ರಾತ್ರಿ ಕಾವಲಿದ್ದ. ಕಾಪಿ ಕುಡಿಯಾಕ್ ಓಗವ್ನೆ.”

ಹತ್ತಿರ ಹೋದೆ. ರಾಶಿ ಉಸಿರಾಡುತ್ತಿತ್ತು. ಬೂದು ಕಂಬಳಿ ಮುಸುಕು ಹಾಕಿ, ರಾಶಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದ ಒಬ್ಬ ಮುದುಕ. ಮೈಮೇಲೆಲ್ಲ ಹುರುಳಿ ಗಿಡ. ಮುಟ್ಟಿದೆ. ಕಣ್ಣು ಬಿಟ್ಟ.

“ಕಾಪಿ ತಂದ್ಯಾ?” ಎಂದ.

ಹಿಂದೆ ಬಂದ ಮುದುಕಿ ರಸ್ತೆಯಲ್ಲೇ ಕುಸಿದಳು. “ಅತ್ಸಿ ಅಂತ ನಾನೇ ಯೋಳ್ಬುಟ್ನಲ್ಲವ್ವಾ...”

ರಸ್ತೆಯ ಅಂಚಿನಲ್ಲಿ ಕಾರು ದಾಟಿಸಿದೆವು. ತಿರುಗಿ ನೋಡಿದೆ. ಅವಳು ಅವನ ಕಂಬಳಿಯಿಂದ ಹುರುಳಿ ಗಿಡ ಒಂದೊಂದೇ ಕೀಳುತ್ತಿದ್ದಳು. ಅವನು ಏಳಲು ಹೋದರೂ ಬಿಡಲಿಲ್ಲ.