ನಲವತ್ತೊಂದನೆಯ ಹೆಲ್ಮೆಟ್ಟು

ಮಂಜಣ್ಣ, ನಿನ್ನ ಹೆಲ್ಮೆಟ್ಟು ಡೂಪ್ಲಿಕೇಟ್ ಆಗಿರಲಿಲ್ಲ. ಅದನ್ನು ಹಾಳು ಮಾಡಿದವನು ನಾನು. ತಿಳಿಯದೆ ಮಾಡಿದ್ದು, ಅಷ್ಟೇ ಆಗಿದ್ದರೆ ಎಂದೋ ನಿನ್ನ ಮುಂದೆ ಕೂತು ಹೇಳಿ, ನಿನ್ನಿಂದ ಚೆನ್ನಾಗಿ ಬೈಸಿಕೊಂಡು, ಚಹಾ ಕುಡಿದು ಎದ್ದು ಬರುತ್ತಿದ್ದೆ. ಆದರೆ ಹಾಳಾಗಿದೆ ಎಂದು ತಿಳಿದ ಮೇಲೂ ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹನ್ನೆರಡನೆಯ ದಿನ ನೀನು ಬಿದ್ದೆ.

ಅಂಗಡಿಯ ಶಟರ್ ಅರ್ಧ ಇಳಿಸಿ, ಹೊಲಿಗೆ ಮಿಷನ್ನಿನ ಮೇಲೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇನ್ನೂ ಶಿವರಾತ್ರಿ ಬಂದಿಲ್ಲ, ಆಗಲೇ ಮಧುಗಿರಿ ಬೆಟ್ಟ ಕಾದು ಊರಿನ ಮೇಲೆ ಝಳ ಹೊಡೆಯುತ್ತಿದೆ. ಎದುರಿಗೆ ಬಂದೇ ಹೇಳಬಹುದಿತ್ತು. ನಾಳೆ ಬರುತ್ತೇನೆ ಕೂಡ. ಆದರೆ ನನ್ನ ಬಾಯಿಯನ್ನು ನಾನು ನಂಬುವುದಿಲ್ಲ. ನಿನ್ನ ಮುಂದೆ ಕೂತರೆ ಅದು ಸುತ್ತಿ ಬಳಸಿ ಮಾತಾಡಿ, ಕಣ್ಣೀರು ಹಾಕಿಸಿ, ಕೊನೆಗೆ ನೀನೇ ನನ್ನ ಬೆನ್ನು ಸವರುವಂತೆ ಮಾಡಿಬಿಡುತ್ತದೆ. ಅದಕ್ಕೇ ಮೊದಲು ಈ ಕಾಗದ ನಿನ್ನ ಕೈ ಸೇರಲಿ.

ಐದು ವರ್ಷದ ಹಿಂದಿನ ಬೇಸಿಗೆ ನಿನಗೆ ನೆನಪಿದೆ. ನೀನು ದಿನಾ ಬೈಕಿನಲ್ಲಿ ಮಿಡಿಗೇಶಿ ಮೇಲೆ ಹಾದು ಪಾವಗಡ ದಾಟಿ, ರಾಯಚರ್ಲು ಕಡೆ ಸೋಲಾರ್ ಪ್ಯಾನಲ್ಲು ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ವಾಪಸ್ಸು ಬರುತ್ತಾ ನನ್ನ ಅಂಗಡಿ ಮುಂದೆ ನಿಲ್ಲಿಸಿದವನೇ ಹೆಲ್ಮೆಟ್ಟನ್ನು ಮಿಷನ್ನಿನ ಮೇಲೆ ಕುಕ್ಕಿದೆ.

"ಲೇ ಖಾದ್ರು, ಇದ್ನ ಹಾಕ್ಕಂಡ್ರೆ ತಲೆ ಒಳ್ಗೆ ಇಡ್ಲಿ ಬೇಯ್ತದೆ ಕಣ್ಲಾ. ಹಾಕ್ದೆ ಹೋದ್ರೆ ಪೊಲೀಸ್ನೋರು ಬುಡಾಕಿಲ್ಲ. ನೀನೇ ಏನಾರ ಮಾಡು."

ನಾನು ಸೀಟು ಹೊಲಿಯುವವನು. ನಮ್ಮ ಅಬ್ಬಾ ಶಿರಾದಲ್ಲಿ ಜಟಕಾ ಗಾಡಿಗೆ ಮೆತ್ತೆ ಹೊಲಿದರು, ನಾನು ಇಲ್ಲಿಗೆ ಬಂದು ಬೈಕಿಗೂ ಆಟೋಗೂ ಹೊಲಿದೆ. ನಮ್ಮ ಕಸುಬಿನಲ್ಲಿ ಸ್ಪಂಜು ಹಾಕುವ ಕಡೆ ಥರ್ಮಾಕೋಲ್ ತುಂಬುವವನಿಗಿಂತ ದೊಡ್ಡ ಕಳ್ಳ ಇಲ್ಲ. ಮೇಲೆ ರೆಕ್ಸಿನ್ ಹೊಳೆಯುತ್ತಿರುತ್ತದೆ, ಆರು ತಿಂಗಳಿಗೆ ಒಳಗೆಲ್ಲ ಪುಡಿ. ನಿನ್ನ ಹೆಲ್ಮೆಟ್ಟಿನ ಬಟ್ಟೆ ಬಿಚ್ಚಿ ನೋಡಿದರೆ ಏನಿದೆ? ದಪ್ಪಗೆ, ಬೋಗುಣಿಯ ಹಾಗೆ ಥರ್ಮಾಕೋಲ್. ನನಗೆ ಸಿಟ್ಟು ನೆತ್ತಿಗೇರಿತು. "ನೋಡ್ದಾ ಮಂಜಣ್ಣ, ಹೆಂಗೆ ಟೋಪಿ ಹಾಕವ್ರೆ" ಅಂದೆ. ಟಿ.ವಿ. ಡಬ್ಬದಲ್ಲಿ ಬರುವ ಪ್ಯಾಕಿಂಗ್ ಅಂದುಕೊಂಡೆ. ಕಿತ್ತು ಎಸೆದೆ. ಅದರ ಜಾಗಕ್ಕೆ ಒಳ್ಳೇ ಸ್ಪಂಜಿನ ನಾಲ್ಕು ತುಂಡು ಅಂಟಿಸಿ, ನಡುವೆ ಗಾಳಿ ಆಡಲು ಜಾಗ ಬಿಟ್ಟು, ಮೇಲೆ ಹತ್ತಿ ಬಟ್ಟೆ ಹೊಲಿದೆ. ಹಿಂಭಾಗದಲ್ಲಿ ಹಸಿರು ದಾರದ ಒಂದು ಪುಟ್ಟ ನಕ್ಷತ್ರ — ನಾನು ಹೊಲಿದ ಪ್ರತಿ ಸೀಟಿನ ಅಡಿಯಲ್ಲೂ ಇರುವ ನನ್ನ ರುಜು.

ಮರುದಿನ ನೀನು ಬಂದು ಏನಂದೆ? "ತಲೆಗೆ ಫ್ಯಾನ್ ಹಾಕ್ದಂಗಾಯ್ತು ಕಣ್ಲಾ." ಅಷ್ಟೇ ಸಾಕಾಯಿತು. ನಿನ್ನ ಜೊತೆ ಕೆಲಸ ಮಾಡುವವರು ಬಂದರು, ಹೊಳವನಹಳ್ಳಿಯಿಂದ ಹಾಲಿನವರು ಬಂದರು, ಗೊರವನಹಳ್ಳಿಗೆ ಹೂ ಸಾಗಿಸುವವರು ಬಂದರು. ಖಾದರ್ ಕೂಲರ್ ಅಂತ ಹೆಸರೇ ಬಿದ್ದುಬಿಟ್ಟಿತು. ಒಂದು ಬೇಸಿಗೆಗೆ ನಲವತ್ತೊಂದು ಹೆಲ್ಮೆಟ್ಟು. ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ.

ಆಮೇಲೆ ಕೊರಟಗೆರೆಯ ಮೇಷ್ಟ್ರೊಬ್ಬರು ಹರಿದ ಸೀಟು ಸರಿ ಮಾಡಿಸಲು ಬಂದರು. ಬೈಕಿನಿಂದ ಬಿದ್ದಿದ್ದರಂತೆ. ಅವರ ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲ್ ಒಂದು ಕಡೆ ಜಜ್ಜಿ, ಬಿರುಕು ಬಿಟ್ಟಿತ್ತು. ಅವರ ತಲೆಯ ಮೇಲೆ ಒಂದು ಗೀರೂ ಇರಲಿಲ್ಲ. "ನನ್ನ ತಲೆ ಒಡೆಯೋ ಬದಲು ಇದು ಒಡೀತು ಭಾಯ್. ಮೇಲಿನ ಚಿಪ್ಪು ಬರೀ ಹೊದಿಕೆ, ಹೆಲ್ಮೆಟ್ಟು ಅಂದ್ರೆ ಇದೇ" ಅಂದರು.

ನನಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಜೀವಮಾನವೆಲ್ಲ ಸ್ಪಂಜು ಕತ್ತರಿಸಿದವನು ನಾನು. ಸ್ಪಂಜು ಒತ್ತಿದರೆ ಪುಟಿಯುತ್ತದೆ, ಪೆಟ್ಟನ್ನು ತಿನ್ನುವುದಿಲ್ಲ. ಅದು ಕೂತುಕೊಳ್ಳುವುದಕ್ಕೆ, ಬೀಳುವುದಕ್ಕಲ್ಲ. ಮೇಷ್ಟ್ರು ಹೋದ ಮೇಲೆ ಕತ್ತರಿ ಕೆಳಗಿಟ್ಟೆ. ಆಗಲೇ, ಆ ಗಳಿಗೆಯಲ್ಲೇ, ನಿನ್ನ ಮನೆಗೆ ಓಡಿ ಬರಬೇಕಿತ್ತು. ನಡೆದು ಬಂದರೂ ಹತ್ತು ನಿಮಿಷದ ದಾರಿ.

ಬರಲಿಲ್ಲ. ಜನ ನಗುತ್ತಾರೆ ಅಂದುಕೊಂಡೆ. ಖಾದರ್ ಕೂಲರ್ ಅಂದ ಬಾಯಲ್ಲೇ ಇನ್ನೇನೋ ಅನ್ನುತ್ತಾರೆ — ಮುಂದಿನ ವಾರ ಹೇಳೋಣ, ಏನಾದರೂ ನೆಪ ಹುಡುಕಿ ಹೇಳೋಣ — ಹೀಗೆ ಹನ್ನೊಂದು ದಿನ. ದಿನಾ ಬೆಳಿಗ್ಗೆ ನೀನು ಅಂಗಡಿ ಮುಂದೆ ಹಾರ್ನ್ ಹೊಡೆದು ಹೋಗುತ್ತಿದ್ದೆ. ನಾನು ಕೈ ಎತ್ತುತ್ತಿದ್ದೆ.

ಹನ್ನೆರಡನೆಯ ದಿನ ಮಿಡಿಗೇಶಿ ಹತ್ತಿರ ನಿನ್ನ ಬೈಕಿಗೆ ನಾಯಿ ಅಡ್ಡ ಬಂತು. ತುಮಕೂರಿನ ಆಸ್ಪತ್ರೆಯಲ್ಲಿ ನೀನು ಮೂರು ವಾರ ಮಲಗಿದ್ದೆ. ನಿನ್ನ ಹೆಂಡತಿ ಜಯಕ್ಕ ಬಿರಿದ ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು, "ಇದ್ನ ನೋಡಾಕಾಗಾಕಿಲ್ಲ ಕಣಣ್ಣ, ಎಲ್ಲಾರ ಬಿಸಾಕ್ಬುಡು" ಅಂದಳು. ನಾನು ಬಿಸಾಕಲಿಲ್ಲ. ಅಂಗಡಿಗೆ ತಂದು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಆ ಹಸಿರು ನಕ್ಷತ್ರವನ್ನು ಬಟ್ಟೆಸಮೇತ ಕತ್ತರಿಸಿ ತೆಗೆದೆ. ನೀನು ಕಣ್ಣು ಬಿಡುತ್ತೀಯೋ ಇಲ್ಲವೋ ಎಂದು ಜಯಕ್ಕ ಅಲ್ಲಿ ಕಾಯುತ್ತಿದ್ದರೆ, ನಾನು ಇಲ್ಲಿ ನನ್ನ ರುಜು ಅಳಿಸುತ್ತಿದ್ದೆ.

ನೀನು ಮನೆಗೆ ಬಂದೆ. ಬದುಕಿ ಬಂದೆ. ಆದರೆ ಮೂಗು ಸತ್ತುಹೋಗಿತ್ತು. ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಬೈಕು ಬಿಟ್ಟೆ, ಆ ಕೆಲಸ ಬಿಟ್ಟೆ, ಹಿಟ್ಟಿನ ಗಿರಣಿ ಹಾಕಿದೆ. ಹುರಿದ ಧನಿಯಾ ಬೀಸುವಾಗ ಬೀದಿಯೆಲ್ಲ ಘಮ್ಮೆನ್ನುತ್ತದೆ; ನೀನು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತೀಯ, ಮೂಗಿನ ಹತ್ತಿರ ಒಯ್ಯುವುದೇ ಇಲ್ಲ. ಒಮ್ಮೆ ಗಿರಣಿಯ ಬೆಲ್ಟು ಸುಡುತ್ತಿದ್ದರೂ ನಿನಗೆ ತಿಳಿಯದೆ ಮೋಟರೇ ಹೋಯಿತು. ಮಂಜಣ್ಣ ಊದಿನಕಡ್ಡಿ ಅಂದ್ಕಂಡ ಅಂತ ಜನ ನಕ್ಕರು. ನಾನೂ ಅಲ್ಲೇ ಇದ್ದೆ. ನಾನೂ ನಕ್ಕೆ.

ಅದಕ್ಕೂ ಮೊದಲು, ಆಸ್ಪತ್ರೆಯಿಂದ ಬಂದ ವಾರವೇ, ನೀನು ಅಂದಿದ್ದೆ: "ಡೂಪ್ಲಿಕೇಟ್ ಮಾಲು ಕಣ್ಲಾ ಅದು. ಅಗ್ಗ ಅಂತ ಆಸೆಬಿದ್ದೆ. ನಂದೇ ತಪ್ಪು." ನಾನು "ಹೂಂ" ಅಂದೆ. ಮಂಜಣ್ಣ, ನಾನು ಆಡಿದ ಸುಳ್ಳುಗಳಲ್ಲಿ ಆ "ಹೂಂ"ಗಿಂತ ದೊಡ್ಡದು ಬೇರೆ ಇಲ್ಲ.

ಇನ್ನು ಮುಂದಿನದನ್ನು ತಲೆ ಎತ್ತಿ ಹೇಳುತ್ತೇನೆ, ಯಾಕೆಂದರೆ ಅದು ನಾನು ಗೆದ್ದ ಕತೆ. ನೀನು ಕ್ಷಮಿಸಲಿ ಅಂತ ಹೇಳುತ್ತಿಲ್ಲ. ಅದೂ ನಿನಗೆ ಗೊತ್ತಿರಬೇಕು, ಅಷ್ಟೇ.

ನಲವತ್ತು ಹೆಲ್ಮೆಟ್ಟು ಇನ್ನೂ ರಸ್ತೆಯ ಮೇಲಿದ್ದವು. ನಲವತ್ತು ತಲೆ. ಹೆಸರು ಬರೆದಿಟ್ಟಿರಲಿಲ್ಲ, ವಿಳಾಸ ಇರಲಿಲ್ಲ. ಇದ್ದದ್ದು ಒಂದೇ — ನಾನು ಮೆರೆಯಲು ಹೊಲಿದ ಆ ಹಸಿರು ನಕ್ಷತ್ರ. ಅದನ್ನು ಹುಡುಕಿಕೊಂಡು ಹೊರಟೆ. ಬೆಳಿಗ್ಗೆ ಹೊತ್ತು ಪಾವಗಡ ರಸ್ತೆಯಲ್ಲಿ ನಿಂತು, ಬಂದವರನ್ನೆಲ್ಲ ನಿಲ್ಲಿಸಿ, "ಒಂದ್ನಿಮಿಷ ಸ್ವಾಮಿ, ಹೆಲ್ಮೆಟ್ ತೋರ್ಸಿ" ಅನ್ನುತ್ತಿದ್ದೆ. ಕೆಲವರು ಪೊಲೀಸಿನವನು ಅಂದುಕೊಂಡು ಗಾಡಿ ತಿರುಗಿಸಿ ಓಡಿದರು. ಪಾವಗಡದ ಒಬ್ಬ ಮುದುಕ ಹೆಲ್ಮೆಟ್ಟು ಕೊಟ್ಟು, ನಾನು ಒಳಗೆ ಬೆರಳು ಹಾಕಿ ಅಮುಕುವುದನ್ನು ನೋಡುತ್ತಾ, "ಏಮಯ್ಯಾ, ಹೆಲ್ಮೆಟ್ ಡಾಕ್ಟ್ರಾ ನೀನು?" ಅಂದ. ಅವನದು ಸರಿಯಿತ್ತು, ಕೈಮುಗಿದು ಕಳಿಸಿದೆ.

ಸಿಕ್ಕವರಿಗೆಲ್ಲ ಹಳೆಯದರ ಬದಲಿಗೆ ಹೊಸದು, ಒಳ್ಳೆಯದು ಕೊಟ್ಟೆ. ಖರ್ಚಿನ ಮಾತು ಬೇಡ, ಅದನ್ನು ಹೇಳಿ ದೊಡ್ಡವನಾಗುವ ಆಸೆ ಇಲ್ಲ. ಹೊಳವನಹಳ್ಳಿಯಲ್ಲಿ ಒಬ್ಬ ಅಜ್ಜಿಯ ಹಿತ್ತಲಿನಲ್ಲಿ ಒಂದು ಸಿಕ್ಕಿತು — ನನ್ನ ಕೂಲರ್ ಒಳಗೆ ಕೋಳಿ ಕಾವಿಗೆ ಕೂತಿತ್ತು. "ಮರಿ ಆಗಾಗಂಟ ಕೊಡಾಕಿಲ್ಲ ಕಣಪ್ಪ" ಅಂದಳು. ಅಲ್ಲೇ ಇರಲಿ, ಯಾರ ತಲೆಗೂ ಏರುವುದಿಲ್ಲವಲ್ಲ ಎಂದು ವಾಪಸ್ಸು ಬಂದೆ. ಮರಿಗಳಾದ ಮೇಲೆ ಹೋಗಿ ತಂದೆ. ಎರಡು ವರ್ಷ ಹಿಡಿಯಿತು ಮಂಜಣ್ಣ, ನಲವತ್ತಕ್ಕೆ ನಲವತ್ತೂ ತಂದೆ. ಕೊನೆಯದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದು ಪುಡಿ ಮಾಡಿದ ದಿನ ನಾನು ಮನೆಯಲ್ಲಿ ಬಿರಿಯಾನಿ ಮಾಡಿಸಿದೆ. ನಿನಗೂ ಕಳಿಸಿದ್ದೆ. ಯಾಕೆ ಅಂತ ನೀನು ಕೇಳಿದಾಗ "ಸುಮ್ನೆ" ಅಂದಿದ್ದೆ.

ಆದರೆ ಎಲ್ಲರಿಗೂ ಹೇಳಿದ್ದು ಸುಳ್ಳೇ: ಹೊಸ ಮಾದರಿ ಬಂದಿದೆ, ಅದಕ್ಕೆ ಬದಲಾಯಿಸುತ್ತಿದ್ದೇನೆ ಅಂತ. ಹಳೆಯದು ಹಾಳು, ಹಾಳು ಮಾಡಿದವನು ನಾನು ಅಂತ ಒಬ್ಬರಿಗೂ ಹೇಳಲಿಲ್ಲ.

ಸೆಕೆಗೂ ದಾರಿ ಹುಡುಕಿದೆ. ಥರ್ಮಾಕೋಲ್ ಮುಟ್ಟದೆ. ನನ್ನ ಹೆಂಡತಿ ತೆಳ್ಳಗಿನ ಮಲ್ ಬಟ್ಟೆಯಲ್ಲಿ ಒಳಟೋಪಿ ಹೊಲಿದಳು. ನೀರಲ್ಲಿ ಅದ್ದಿ, ಹಿಂಡಿ, ತಲೆಗೆ ಹಾಕಿ ಮೇಲೆ ಹೆಲ್ಮೆಟ್ಟು. ಮಿಡಿಗೇಶಿಯಲ್ಲಿ ನಿಂತು ಇನ್ನೊಮ್ಮೆ ಅದ್ದಿಕೊಂಡರೆ ಪಾವಗಡದವರೆಗೆ ತಂಪು. ಬಿಳಿ ಬಣ್ಣದ, ಗಾಳಿಕಿಂಡಿ ಇರುವ ಹೆಲ್ಮೆಟ್ಟನ್ನೇ ಕೊಂಡುಕೊಳ್ಳಿ ಅಂತ ಬಂದವರಿಗೆಲ್ಲ ಹೇಳಿದೆ. ಆಮೇಲೆ ತೆಳು ಕೋಟು — ಉದ್ದ ತೋಳು, ಭುಜಕ್ಕೂ ಮೊಣಕೈಗೂ ಗಟ್ಟಿ ಪ್ಯಾಡು, ಕಂಕುಳಡಿ ಗಾಳಿಗೆ ಜಾಲರಿ ಬಟ್ಟೆ. ಮೊದಲ ಕೋಟು ಹೊಲಿದದ್ದು ನಿನ್ನ ಮಗಳು ಸವಿತಾಗೆ. ಅವಳು ಆಗಷ್ಟೇ ಪಾವಗಡದಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದಳು, ನೀನು ಬಿದ್ದ ಅದೇ ರಸ್ತೆಯಲ್ಲಿ ದಿನಾ ಸ್ಕೂಟರಿನಲ್ಲಿ. "ಚಾಚಾ, ಇದ್ನ ಹಾಕ್ಕಂಡ್ರೆ ಎಲ್ರೂ ಕಬಡ್ಡಿ ಪ್ಲೇಯರ್ ಅಂತಾರೆ" ಅಂತ ನಕ್ಕಳು. ಅನ್ನಲಿ ಬಿಡು ಅಂದೆ. ಅವಳ ಹೆಲ್ಮೆಟ್ಟನ್ನು ತಿಂಗಳಿಗೊಮ್ಮೆ ತರಿಸಿ, ಒಳಗೆ ಬೆರಳು ಹಾಕಿ, ಥರ್ಮಾಕೋಲ್ ಗಟ್ಟಿಯಾಗಿದೆಯಾ ಅಂತ ನೋಡುತ್ತಿದ್ದೆ. ಚಾಚಾಗೆ ಹುಚ್ಚು ಅಂದುಕೊಂಡಿರಬೇಕು.

ಹೋದ ಮಂಗಳವಾರ ಅವಳು ಬಿದ್ದಳು. ರೈತರು ಹುರುಳಿ ಒಕ್ಕಲು ರಸ್ತೆಯ ಮೇಲೆ ಗಿಡ ಹರಡಿದ್ದರು. ನಮ್ಮ ಕಡೆ ಎಲ್ಲರೂ ಹರಡುತ್ತಾರೆ, ಗಾಡಿಗಳು ಹಾದು ಕಾಳು ಉದುರಲಿ ಅಂತ. ಕಾರು ಹೋದರೆ ಒಕ್ಕಣೆ, ಸ್ಕೂಟರು ಹೋದರೆ ಜಾರಿಕೆ. ಮಿಡಿಗೇಶಿಯ ಈ ಕಡೆ, ನೀನು ಬಿದ್ದ ಜಾಗದಿಂದ ಕೂಗಳತೆಯಲ್ಲಿ, ಅವಳ ತಲೆ ಟಾರಿಗೆ ಬಡಿಯಿತು.

ಮಂಜಣ್ಣ, ಅವಳು ಎದ್ದಳು. ಎದ್ದು, ಕೋಟಿನ ಮೇಲಿನ ಹುರುಳಿ ಹೊಟ್ಟು ಕೊಡವಿಕೊಂಡು, ಸ್ಕೂಟರು ಎತ್ತಿಕೊಂಡು, ನೆಟ್ಟಗೆ ನನ್ನ ಅಂಗಡಿಗೆ ಬಂದಳು. ಮಂಡಿ ತರಚಿತ್ತು, ಅಷ್ಟೇ. ಹೆಲ್ಮೆಟ್ಟನ್ನು ಮಿಷನ್ನಿನ ಮೇಲೆ ಇಟ್ಟು — ನೀನು ಕುಕ್ಕಿದ ಅದೇ ಜಾಗದಲ್ಲಿ — "ಚಾಚಾ, ಒಳ್ಗಡೆ ಒಡ್ದೋಗೈತೆ. ಇನ್ನೊಂದು ಕೊಡಿ, ನಾಳೆ ಡ್ಯೂಟಿ ಐತೆ" ಅಂದಳು. ಬಟ್ಟೆ ಸರಿಸಿ ನೋಡಿದೆ. ಥರ್ಮಾಕೋಲ್ ಜಜ್ಜಿ ಎರಡಾಗಿತ್ತು. ಅಷ್ಟು ಚಂದದ ಬಿರುಕನ್ನು ನಾನು ನನ್ನ ಆಯುಸ್ಸಿನಲ್ಲಿ ನೋಡಿಲ್ಲ. ಅವಳ ಮುಂದೆಯೇ ಗಳಗಳ ಅತ್ತುಬಿಟ್ಟೆ. ಅವಳೇ ನನಗೆ ನೀರು ಕೊಟ್ಟಳು.

ಅರ್ಧ ಗಂಟೆಯಲ್ಲಿ ನೀನು ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಗಿರಣಿಯಿಂದ ಓಡಿ ಬಂದೆ. ಮಗಳ ತಲೆ ಮುಟ್ಟಿ ಮುಟ್ಟಿ ನೋಡಿದೆ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡೆ.

"ನನ್ ಮಗಳ ಜೀವ ಉಳಿಸ್ಬುಟ್ಟೆ ಕಣ್ಲಾ ಖಾದ್ರು. ನಂಗೂ ಆವತ್ತು ಇಂಥದ್ದೇ ಇದ್ದಿದ್ರೆ... ಹೋಗ್ಲಿ ಬುಡು, ನನ್ ಹಣೇಬರಾ."

ಹಣೆಬರಹ ಅಲ್ಲ ಮಂಜಣ್ಣ. ಇದ್ದದ್ದೂ ಇಂಥದ್ದೇ. ನಿನ್ನ ಹೆಲ್ಮೆಟ್ಟು ಅಸಲಿಯೇ ಆಗಿತ್ತು, ಒಳ್ಳೆಯದೇ ಆಗಿತ್ತು. ಅದರ ಜೀವ ಕಿತ್ತು ಕಸಕ್ಕೆ ಎಸೆದ ಕೈಗಳನ್ನೇ ನೀನು ಹಿಡಿದುಕೊಂಡಿದ್ದೆ. ಆವತ್ತಿನಿಂದ ಇವತ್ತಿನವರೆಗೆ ಈ ಕೈಯಲ್ಲಿ ಒಂದು ಹೊಲಿಗೆಯನ್ನೂ ಹಾಕಲು ಆಗಿರಲಿಲ್ಲ.

ನಿನ್ನ ಹೆಲ್ಮೆಟ್ಟು ಇಷ್ಟು ವರ್ಷ ಮಿಷನ್ನಿನ ಅಡಿಯಲ್ಲಿ, ಗೋಣಿಚೀಲದಲ್ಲಿ ಇತ್ತು. ನಕ್ಷತ್ರ ಸೂಜಿಡಬ್ಬಿಯಲ್ಲಿತ್ತು. ಇವತ್ತು ಎರಡನ್ನೂ ಹೊರಗೆ ತೆಗೆದೆ. ಈ ಕಾಗದ ಬರೆಯುವ ಮುಂಚೆ ಆ ಚೂರನ್ನು ಕತ್ತರಿಸಿದ ಜಾಗಕ್ಕೇ ಇಟ್ಟು, ಅದೇ ಹಸಿರು ದಾರದಲ್ಲಿ ಹೊಲಿದೆ. ಮಂಗಳವಾರದಿಂದೀಚೆ ಹಾಕಿದ ಮೊದಲ ಹೊಲಿಗೆ, ಸ್ವಲ್ಪ ಸೊಟ್ಟಗಿದೆ. ನಾಳೆ ಬೆಳಿಗ್ಗೆ ನೀನು ಗಿರಣಿ ತೆಗೆಯುವ ಮುಂಚೆ ಅದನ್ನು ಹಿಡಿದುಕೊಂಡು ನಿನ್ನ ಮನೆ ಬಾಗಿಲಿಗೆ ಬರುತ್ತೇನೆ. ಜಯಕ್ಕನ ಎದುರಿಗೂ ಸವಿತಾಳ ಎದುರಿಗೂ ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ನೀನು ಹೊಡೆದರೆ ಹೊಡೆಸಿಕೊಳ್ಳುತ್ತೇನೆ, ಮುಖ ತೋರಿಸಬೇಡ ಅಂದರೆ ತೋರಿಸುವುದಿಲ್ಲ. ಆಮೇಲೆ ಅದನ್ನು ತಂದು ಅಂಗಡಿಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ ತೂಗುಹಾಕುತ್ತೇನೆ. ಸೆಕೆ ಆಗುತ್ತದೆ, ಥರ್ಮಾಕೋಲ್ ತೆಗೆದುಕೊಡು ಅಂತ ಈಗಲೂ ಜನ ಬರುತ್ತಾರೆ. ಅವರಿಗೆ ಈ ಹೆಲ್ಮೆಟ್ಟು ತೋರಿಸುತ್ತೇನೆ. ಯಾರದು ಅಂತ ಕೇಳಿದರೆ ನಿನ್ನ ಹೆಸರು ಹೇಳುವುದಿಲ್ಲ. ಯಾರು ಕೆಡಿಸಿದ್ದು ಅಂತ ಕೇಳಿದರೆ ನಕ್ಷತ್ರ ತೋರಿಸಿ ನನ್ನ ಹೆಸರು ಹೇಳುತ್ತೇನೆ.

ಮೊದಲು ಹೊಲಿದದ್ದು ನಿನ್ನದು; ಬಚ್ಚಿಟ್ಟಲ್ಲಿಂದ ಇವತ್ತು ಹೊರಬಂದು ಲೆಕ್ಕಕ್ಕೆ ಸೇರಿದ ಕೊನೆಯದೂ ನಿನ್ನದೇ. ನಲವತ್ತೊಂದೂ ಸಿಕ್ಕವು ಮಂಜಣ್ಣ. ನಿನ್ನ ಮೂಗಿಗೆ ಧನಿಯಾದ ಘಮ ತಂದುಕೊಡಲು ನನ್ನಿಂದ ಆಗುವುದಿಲ್ಲ, ಅದಕ್ಕೆ ಯಾವ ಮಾತೂ ಇಲ್ಲ. ಆದರೆ ನಿನ್ನ ಮಗಳು ಆ ರಸ್ತೆಯಲ್ಲಿ ಎದ್ದು ನಿಂತಳು, ಹೊಟ್ಟು ಕೊಡವಿಕೊಂಡಳು, ಮರುದಿನ ಬೆಳಿಗ್ಗೆ ಹೊಸ ಹೆಲ್ಮೆಟ್ಟು ಹಾಕಿಕೊಂಡು ನನ್ನ ಅಂಗಡಿ ಮುಂದೆ ಹಾರ್ನ್ ಹೊಡೆದು ಡ್ಯೂಟಿಗೆ ಹೋದಳು.

ನಾನು ಕೈ ಎತ್ತಿದೆ.