ಚನ್ನಬಸಮ್ಮ ಆಂಟಿ ಕೆಂಪು ಕಾರು ನೋಡಿದ್ದು

ನಮ್ಮ ಜನಕ್ಕೆ ಕಾರು ಕೊಳ್ಳುವ ಬುದ್ಧಿ ಇಲ್ಲ. ನನಗಂತೂ ಸುತರಾಂ ಇಲ್ಲ. ಒಂದು ಟೋಸ್ಟರ್ ತರುವ ಮುಂಚೆ ಮುನ್ನೂರು ಜನರ ಅಭಿಪ್ರಾಯ ಓದುವ ನಾನು, ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರನ್ನು ‘ನಮ್ಮೋರದ್ದು, ಮೈಸೂರಿನೋರು’ ಎಂಬ ಒಂದೇ ಮಾತಿಗೆ ಮನೆಗೆ ತರಲು ಹೊರಟಿದ್ದೆ. ಆ ದಿನವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆ ಸಿಟ್ಟು ಕಾರು ಮಾರಲು ಹೊರಟಿದ್ದ ಕೃಷ್ಣಸ್ವಾಮಿಯ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಚನ್ನಬಸಮ್ಮ ಆಂಟಿ ಇಲ್ಲದಿದ್ದರೆ ಏನಾಗುತ್ತಿತ್ತೋ. ನ್ಯೂ ಜೆರ್ಸಿಯ ಸಮರ್‌ಸೆಟ್‌ನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಗದಗದ ಕಡೆಯವರು, ವಯಸ್ಸು ಅರವತ್ತೊಂಬತ್ತು. ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದರು. ಅಲ್ಲಿಂದ ಮೇಲೆ ಬಂದು, ಅಪಘಾತವಾದ ಕಾರುಗಳನ್ನು ನೋಡಿ ನಷ್ಟ ಅಂದಾಜು ಮಾಡುವ ಕೆಲಸವನ್ನು ಇಪ್ಪತ್ತಾರು ವರ್ಷ ಮಾಡಿದರು. ನುಜ್ಜುಗುಜ್ಜಾದ ಕಾರುಗಳ ಮಧ್ಯೆ, ಮಳೆ ಹಿಮ ಎನ್ನದೆ, ಮಂಡಿಯೂರಿ ಕೂತು ಕೆಳಗೆ ಟಾರ್ಚು ಬಿಟ್ಟು ನೋಡಿದ ಹೆಂಗಸು. ಗ್ಯಾರೇಜಿನ ಗಂಡಸರು ಅವರ ಉಚ್ಚಾರಣೆ ಕೇಳಿ ನಕ್ಕರೆ ಇವರು ಅವರ ಸುಳ್ಳು ಬಿಲ್ಲನ್ನು ಅವರ ಮುಖಕ್ಕೇ ಹಿಡಿದು ಗದರಿಸುತ್ತಿದ್ದರಂತೆ.

ಅಂಥವರಿಗೆ ನಮ್ಮವರು ಇಟ್ಟ ಹೆಸರು ‘ಕಾರ್ ಆಂಟಿ’. ಹಬ್ಬದ ದಿನ ಎದುರಿಗೆ ಸಿಕ್ಕರೆ ಮುಸಿಮುಸಿ ನಗುತ್ತಾರೆ. ಹಳೇ ಕಾರು ಕೊಳ್ಳುವಾಗ ಮಾತ್ರ ಶನಿವಾರ ಬೆಳಗ್ಗೆಯೇ ಫೋನು. ಬಿಟ್ಟಿ ಕೆಲಸ. ಇವರು ಬೇಡ ಎಂದ ಕಾರನ್ನು ಬಣ್ಣ ಚೆನ್ನಾಗಿದೆ ಎಂದು ತೆಗೆದುಕೊಳ್ಳುತ್ತಾರೆ. ಆರು ತಿಂಗಳಿಗೆ ಗೇರ್‌ಬಾಕ್ಸ್ ಹೋದಾಗ ಇವರ ಕಣ್ಣು ತಪ್ಪಿಸಿ ಓಡಾಡುತ್ತಾರೆ. ನಾಚಿಕೆ ಇಲ್ಲದ ಜನ. ಆದರೂ ಕರೆದರೆ ಆಂಟಿ ಹೋಗುತ್ತಾರೆ, ಬೈದುಕೊಂಡೇ ಹೋಗುತ್ತಾರೆ.

ನನ್ನ ಕಣ್ಣು ಬಿದ್ದದ್ದು ಎರಡೇ ಸೀಟಿನ, ಮೇಲ್ಛಾವಣಿ ಮಡಚಿಡುವ ಒಂದು ಕೆಂಪು ಕಾರಿನ ಮೇಲೆ. ಒಂದು ಸೀಟು ನನಗೆ, ಇನ್ನೊಂದು ಮಗಳು ಗಾರ್ಗಿಗೆ. ಆಗಸ್ಟಿನಲ್ಲಿ ಅವಳು ಕಾಲೇಜಿಗೆ ಹೊರಡುತ್ತಾಳೆ. ಅದಕ್ಕೆ ಮುಂಚೆ ಬೇಸಿಗೆಯ ಪ್ರತಿ ಶನಿವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮುದ್ರದ ದಡದುದ್ದಕ್ಕೂ ಹೋಗುವುದೆಂದು ಮಾತು ಕೊಟ್ಟಿದ್ದೆ. ಹದಿನೇಳರ ಹುಡುಗಿ ಅಪ್ಪನ ಜೊತೆ ಬರುತ್ತೇನೆ ಎಂದದ್ದೇ ದೊಡ್ಡದು.

ಕಾರು ಪಕ್ಕದ ರಾಜ್ಯದ ಜೆರಿಕೋ ಊರಿನ ಕೃಷ್ಣಸ್ವಾಮಿಯವರದು. ಕನ್ನಡ ಸಂಘದಲ್ಲಿ ಮೈಕು ಹಿಡಿದರೆ ಸಂಸ್ಕಾರದ ಬಗ್ಗೆ ಅರ್ಧ ಗಂಟೆ ಮಾತಾಡುವ ಮನುಷ್ಯ. ಆಂಟಿಯನ್ನು ಕರೆದುಕೊಂಡು ಹೋಗು ಎಂದು ನನ್ನ ಹೆಂಡತಿ ಹಟ ಹಿಡಿಯದಿದ್ದರೆ ನಾನು ಒಬ್ಬನೇ ಹೋಗುತ್ತಿದ್ದೆ.

ಬಾಗಿಲಲ್ಲೇ ಕೃಷ್ಣಸ್ವಾಮಿಯವರ ಹೆಂಡತಿ ಪದ್ಮಜಾ ನಿಂತಿದ್ದರು. “ಬನ್ನಿ ಬನ್ನಿ, ನ್ಯೂ ಜೆರ್ಸಿಯಿಂದ ಅಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದಿದೀರ. ಮೊದ್ಲು ಊಟ, ಆಮೇಲೆ ಕಾರು.”

“ನನಗ ಬ್ಯಾಡ್ರೀ,” ಎಂದರು ಆಂಟಿ.

“ಒಂದು ಲೋಟ ಮಜ್ಜಿಗೆನಾದ್ರೂ?”

“ನೀರೂ ಬ್ಯಾಡ. ಕಾರ್ ಎಲ್ಲೈತಿ?”

ಪದ್ಮಜಾ ಅವರ ಮುಖ ಸಪ್ಪಗಾಯಿತು. ನನ್ನ ಕಿವಿಯಲ್ಲಿ ಆಂಟಿ, “ಬದರಿ, ನೀನೂ ಉಣಬ್ಯಾಡ. ಮಾರಾವ್ರ ಮನ್ಯಾಗ ಉಂಡ್ರ ನಾಲಿಗಿ ಮೆತ್ತಗಾಗ್ತೈತಿ,” ಎಂದು ಹೇಳಿ ಒಬ್ಬರೇ ಗ್ಯಾರೇಜಿನ ಕಡೆ ನಡೆದರು. ನಾನು ಒಳಗೆ ಕೂತು ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡು ಉಂಡೆ. ಸಾಲದ್ದಕ್ಕೆ, “ಸಾರಿ ಸರ್, ಅವರು ಸ್ವಲ್ಪ ಹಾಗೇ, ನೀವು ತಪ್ಪು ತಿಳೀಬೇಡಿ,” ಎಂದು ಕೃಷ್ಣಸ್ವಾಮಿಗೆ ಬೇರೆ ಹೇಳಿದೆ. ಆ ಮಾತಾಡಿದ ನನ್ನ ಬಾಯಿಗೆ ಏನು ಹಾಕಬೇಕೋ.

ಊಟ ಮುಗಿಸಿ ಮೂವರೂ ಹೊರಗೆ ಬರುವಷ್ಟರಲ್ಲಿ ಆಂಟಿ ಬಾನೆಟ್ ಎತ್ತಿ ನಿಂತಿದ್ದರು.

“ಈ ಬೋಲ್ಟ್ ನೋಡು. ಕಾರ್ಖಾನ್ಯಾಗ ಬಿಗದದ್ದಾದ್ರ ಬಣ್ಣ ಕಿತ್ತಿರೂದಿಲ್ಲ. ಯಾರೋ ಬಿಚ್ಚ್ಯಾರ.” ಬಟ್ಟೆ ಸುತ್ತಿದ ಆಯಸ್ಕಾಂತವೊಂದನ್ನು ಬಲಗಡೆ ಬಾಗಿಲಿಗೆ ಹಚ್ಚಿದರು, ಅಂಟಿಕೊಂಡಿತು. ಅದರ ಮುಂದೆ, ಚಕ್ರದ ಮೇಲಿನ ಫೆಂಡರಿಗೆ ಹಚ್ಚಿದರು, ಜಾರಿ ಬಿತ್ತು. “ಇಲ್ಲಿ ಬಣ್ಣದ ಕೆಳಗ ತಗಡಿಲ್ಲ, ಪುಟ್ಟಿ ತುಂಬ್ಯಾರ. ಇಕಾ, ಕಿಡಕಿ ರಬ್ಬರಿನ ಮ್ಯಾಲೂ ಕೆಂಪು ಬಣ್ಣ ಸಿಡದೈತಿ. ಮುಂದಿನ ಬಲಗಡೀ ಟೈರ್ ಒಂದ ಮಗ್ಗಲಾ ಸವದೈತಿ. ಗಾಡಿ ಜೋರಾಗಿ ಹೊಡಕೊಂಡೈತ್ರೀ ಇದು.”

ಕೃಷ್ಣಸ್ವಾಮಿ ನಕ್ಕರು. “ಅಮ್ಮಾ, ಕಾರಿನ ಹಿಸ್ಟರಿ ರಿಪೋರ್ಟ್ ಫುಲ್ ಕ್ಲೀನ್ ಇದೆ, ಒಂದು ಆಕ್ಸಿಡೆಂಟೂ ಇಲ್ಲ. ಪ್ರಿಂಟ್ ತೆಗೆದಿಟ್ಟಿದೀನಿ, ನೋಡಿ.”

“ಅದರಾಗ ನೀವು ಹೇಳಿದ್ದಷ್ಟ ಬರ್ತೈತಿ. ಹೇಳಲಾರದ್ದು ಎಲ್ಲಿಂದ ಬರಬೇಕು?”

ಅಷ್ಟಾದರೂ ನಾನು ಸುಮ್ಮನೆ ಹಲ್ಲು ಬಿಡುತ್ತಾ ನಿಂತಿದ್ದೆ. ಚೆಕ್ ಪುಸ್ತಕ ಜೇಬಿನಲ್ಲೇ ಇತ್ತು. ಉಂಡ ಮನೆಯವರನ್ನು ಪ್ರಶ್ನೆ ಕೇಳುವುದು ಹೇಗೆ ಎಂಬುದೇ ನನ್ನ ದೊಡ್ಡ ಚಿಂತೆ. ಜೊತೆಗೆ ಫೋನಿನಲ್ಲಿ ಗಾರ್ಗಿ: “ಅಪ್ಪಾ, ಡಿಡ್ ಯು ಗೆಟ್ ಇಟ್?”

ಆಂಟಿ ನನ್ನನ್ನು ಒಳಗೆ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀಲಿ ತಿರುಗಿಸಲು ಹೇಳಿದರು. ಮುಂದಿನ ಫಲಕದಲ್ಲಿ ಹಳದಿ, ಕೆಂಪು ದೀಪಗಳು ಸಾಲಾಗಿ ಹತ್ತಿ, ಕೆಲವು ಆರಿದವು.

“ಏರ್‌ಬ್ಯಾಗಿನ ದೀಪ ಹತ್ತೇನು?”

“ಇಲ್ಲ ಆಂಟಿ. ಹತ್ತಲಿಲ್ಲ ಅಂದ್ರೆ ಒಳ್ಳೇದೇ ಅಲ್ವಾ?”

“ಲೇ ಶಾಣ್ಯಾ! ಹತ್ತಿ ಆರಬೇಕದು. ಹತ್ತಲೇ ಇಲ್ಲಂದ್ರ ಯಾರೋ ಆ ದೀಪದ ಬಾಯಿ ಮುಚ್ಚ್ಯಾರ. ಮತ್ತ ತಿರುವು.”

ಮೂರು ಸಲ ತಿರುಗಿಸಿದೆ. ಮೂರು ಸಲವೂ ಅದು ಹತ್ತಲಿಲ್ಲ. ಆಂಟಿ ಆ ಕಡೆಯಿಂದ ಬಗ್ಗಿ, ಪಕ್ಕದ ಸೀಟಿನ ಎದುರಿನ ಡ್ಯಾಶ್‌ಬೋರ್ಡನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಒಳಗೆ ತಗ್ಗಿತು. ಏರ್‌ಬ್ಯಾಗ್ ಇರಬೇಕಾದ ಜಾಗ ಅದು, ಅಂದರೆ ನನ್ನ ಗಾರ್ಗಿ ಕೂರಬೇಕಾದ ಜಾಗದ ಎದುರು.

“ಇದರ ಹಿಂದ ಏನೈತ್ರೀ?” ಎಂದು ಕೇಳಿದರು.

“ಬಿಸಿಲಿಗೆ ಪ್ಲಾಸ್ಟಿಕ್ ಸಾಫ್ಟ್ ಆಗಿರುತ್ತೆ, ಮುಟ್ಟಬೇಡಿ!” ಕೃಷ್ಣಸ್ವಾಮಿಯ ದನಿ ಏರಿತು. “ಬದರಿ, ಯಾರನ್ನ ಕರ್ಕೊಂಡು ಬಂದಿದೀರ ನೀವು? ನಮ್ಮನೇಗೆ ಬಂದು ನಮ್ಮನ್ನೇ ಕಳ್ಳರು ಅಂತಿದಾರಲ್ಲ!”

ಆಗ ಸಿಡಿದದ್ದು ಪದ್ಮಜಾ. ನಾವು ಬಂದಾಗಿನಿಂದ ತಡೆದುಕೊಂಡಿದ್ದರೋ ಏನೋ, ದಡದಡ ಒಳಗೆ ಹೋಗಿ ಬೆಣ್ಣೆ ಸವರುವ ಚಾಕು ತಂದು ಆಂಟಿಯ ಕೈಗೆ ಕೊಟ್ಟರು. “ತೆಗೀರಿ. ತೆಗೆದು ನೋಡೇಬಿಡಿ. ನಮ್ಮ ಮನೆಯವರು ಅಂಥೋರಲ್ಲ. ಒಂದು ತೊಟ್ಟು ನೀರು ಕುಡೀದೆ ಇಷ್ಟು ಅವಮಾನ ಮಾಡೋಕೆ ನಾವೇನು ಮಾಡಿದ್ವಿ ನಿಮಗೆ?”

“ಪದ್ಮಾ, ಬೇಡ!”

ಒಳಗೆ ಏರ್‌ಬ್ಯಾಗ್ ಇದ್ದರೆ ಸಿಡಿಯದಿರಲೆಂದು ಆಂಟಿ ಬ್ಯಾಟರಿಯ ತಂತಿ ಬಿಚ್ಚಿದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ಅಂಚಿಗೆ ಚಾಕು ತೂರಿಸಿ ಮೀಟಿದರು. ಗೋಂದು ಹಾಕಿ ಅಂಟಿಸಿದ್ದ ಮುಚ್ಚಳ ಕಳಚಿ ಬಂತು. ಒಳಗೆ ಏರ್‌ಬ್ಯಾಗ್ ಇರಲಿಲ್ಲ. ಮುಚ್ಚಳ ಸದ್ದು ಮಾಡದಿರಲೆಂದು ಬಟ್ಟೆಯೊಂದನ್ನು ಮಡಚಿ ತುರುಕಿದ್ದರು.

ಪದ್ಮಜಾ ಅದನ್ನು ಎಳೆದು ಬಿಡಿಸಿ ನೋಡಿದರು. ನೀಲಿ ಗೆರೆಯ ಟವೆಲು.

“ಇದು ನಮ್ಮ ಅಡುಗೆಮನೇದು.”

ಕೃಷ್ಣಸ್ವಾಮಿ ಹೆಂಡತಿಯ ಮುಖ ನೋಡಲಿಲ್ಲ, ನನ್ನನ್ನು ನೋಡಿ ಮಾತಾಡಿದರು. “ಟೂ ಇಯರ್ಸ್ ಬ್ಯಾಕ್, ಇವಳು ಮೈಸೂರಿಗೆ ಹೋಗಿದ್ದಾಗ ಸ್ನೋನಲ್ಲಿ ಸ್ಕಿಡ್ ಆಯ್ತು. ರೋಡ್ ಪಕ್ಕದ ಗಾರ್ಡ್‌ರೇಲ್‌ಗೆ ಹೊಡೀತು, ಎರಡೂ ಏರ್‌ಬ್ಯಾಗ್ ಓಪನ್ ಆಗೋಯ್ತು. ಕ್ಲೇಮ್ ಮಾಡಿದ್ರೆ ಪ್ರೀಮಿಯಂ ಏರುತ್ತೆ ಅಂತ ಹೊರಗಡೆನೇ ರಿಪೇರಿ ಮಾಡಿಸ್ದೆ.”

ಆಂಟಿ ಅಷ್ಟರಲ್ಲಿ ಸ್ಟೀರಿಂಗಿನ ಕಡೆ ಬಂದು ಟಾರ್ಚು ಹಿಡಿದು, ಒತ್ತಿ, ತಟ್ಟಿ ನೋಡುತ್ತಿದ್ದರು. “ಈ ಕಡೀದು ಖರೇನ ಐತಿ. ಹೊಸಾದು,” ಎಂದರು. ಆಮೇಲೆ ತಲೆ ಎತ್ತಿ ಕೃಷ್ಣಸ್ವಾಮಿಯನ್ನೇ ನೋಡಿದರು. “ನಿಮ್ಮ ಕಡೀದಷ್ಟ ಹಾಕಿಸೀರಿ.”

“ಎರಡೂ ಅಂದ್ರೆ ತುಂಬಾ ಎಕ್ಸ್‌ಪೆನ್ಸಿವ್ ಆಗ್ತಿತ್ತು. ಆಮೇಲೆ ಹಾಕಿಸೋಣ ಅಂತ...”

ಅವನ ಕೊರಳಪಟ್ಟಿ ಹಿಡಿದು, ‘ನನ್ನ ಮಗಳನ್ನ ಅಲ್ಲಿ ಕೂರಿಸ್ತಿದ್ಯಲ್ಲೋ’ ಎಂದು ಕೇಳಬೇಕೆಂದು ಕಾರಿನಿಂದ ಇಳಿದೆ. ಆದರೆ ಪದ್ಮಜಾ ನನಗಿಂತ ಮುಂದೆ ಬಂದು ಗಂಡನ ಎದುರು ನಿಂತರು. ಟವೆಲು ಕೈಯಲ್ಲೇ ಇತ್ತು. ಅವರು ಕೂಗಾಡಲಿಲ್ಲ.

“ಎರಡು ವರ್ಷ,” ಎಂದರು. “ಈ ಸೀಟಲ್ಲಿ ಕೂತ ತಕ್ಷಣ ಬೆಲ್ಟ್ ಹಾಕ್ಕೋ ಪದ್ಮಾ, ಸರಿಯಾಗಿ ಹಾಕ್ಕೋ ಪದ್ಮಾ ಅಂತಿದ್ರಿ. ನನ್ನ ಮೇಲೆ ಎಷ್ಟು ಪ್ರೀತಿ ಅಂತ ಅಂದ್ಕೊಂಡಿದ್ದೆ.”